ಎಲೆಕ್ಟ್ರಾನಿಕ್ ಟಾರ್ಗೆಟ್ ಮೇಲೆ ದೂರದ ರೈಫಲ್ ಅಭ್ಯಾಸ: ಕಲಬುರಗಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ನಮ್ಮ ರೇಂಜಿಗೆ ಬರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಎನ್‌ಸಿಸಿಯಲ್ಲಿ .22 (ಸಣ್ಣ ಗುಂಡಿನ ರೈಫಲ್) ಹೊಡೆದು ರುಚಿ ಹತ್ತಿದವರು ಇದ್ದಾರೆ, ಸ್ಪರ್ಧೆಗೆ ಹೋಗುವವರು ಇದ್ದಾರೆ, ಮಗಳನ್ನು ಕರೆದುಕೊಂಡು ಬಂದು ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುವ ಅಪ್ಪಂದಿರೂ ಇದ್ದಾರೆ. ಫೋನಿನಲ್ಲಿ ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಒಂದೇ ಕಡೆ ಬರೆದಿಟ್ಟರೆ ಎಲ್ಲರಿಗೂ ಅನುಕೂಲ ಅನಿಸಿತು. ನಾನು ಎಂಜಿನಿಯರ್ ಅಲ್ಲ. ಪೇಪರ್ ಟಾರ್ಗೆಟ್ ಮೇಲೆ ಕಲಿತವನು, ಈಗ ಕೆಲವು ವರ್ಷಗಳಿಂದ ಎಲೆಕ್ಟ್ರಾನಿಕ್ ಟಾರ್ಗೆಟ್ ಹಚ್ಚಿ ಕಲಿಸುತ್ತಿದ್ದೇನೆ. ಕೈಯಾರೆ ಮಾಡಿ ನೋಡಿದ್ದನ್ನೇ ಜಾಸ್ತಿ ಬರೆದಿದ್ದೇನೆ.

ಎಲೆಕ್ಟ್ರಾನಿಕ್ ಟಾರ್ಗೆಟ್ ಅಂದರೆ ಏನು?

ಗುಂಡು ಎಲ್ಲಿ ಬಿತ್ತು ಅಂತ ತಾನೇ ಕಂಡುಹಿಡಿದು, ನೀವು ಮಲಗಿದ ಜಾಗದಲ್ಲೇ ಫೋನ್ ಅಥವಾ ಟ್ಯಾಬ್ ಮೇಲೆ ತೋರಿಸುವ ಟಾರ್ಗೆಟ್. ಹಳೆಯ ಪದ್ಧತಿಯಲ್ಲಿ ಬಟ್ ಪಾರ್ಟಿ ಇರುತ್ತಿತ್ತು. ನಾಲ್ಕೈದು ಜನ ಮಣ್ಣಿನ ಒಡ್ಡಿನ ಕೆಳಗೆ ಕುಳಿಯಲ್ಲಿ ಕೂತು, ಪ್ರತಿ ಗುಂಡಿಗೂ ಟಾರ್ಗೆಟ್ ಇಳಿಸಿ, ತೂತು ಹುಡುಕಿ, ಚೀಟಿ ಅಂಟಿಸಿ, ಕೋಲಿನಿಂದ ತೋರಿಸುತ್ತಿದ್ದರು. ಆಮೇಲೆ ಅವರ ಸರದಿ ನಿಮಗೆ, ನಿಮ್ಮ ಸರದಿ ಅವರಿಗೆ. ಅರ್ಧ ದಿನ ಅದರಲ್ಲೇ ಹೋಗುತ್ತಿತ್ತು. ಈಗ ಟ್ರಿಗರ್ ಒತ್ತಿದ ಒಂದೆರಡು ಸೆಕೆಂಡಿನಲ್ಲಿ ಚುಕ್ಕೆ ಸ್ಕ್ರೀನ್ ಮೇಲೆ ಬರುತ್ತದೆ.

ಗುಂಡು ಎಲ್ಲಿ ಹೋಯಿತು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ? ಕ್ಯಾಮೆರಾ ಇರುತ್ತದಾ?

ದೂರದ ರೈಫಲ್‌ಗೆ ಬಳಸುವ ಹೆಚ್ಚಿನ ಟಾರ್ಗೆಟ್‌ಗಳಲ್ಲಿ ಕ್ಯಾಮೆರಾ ಇರುವುದಿಲ್ಲ, ಮೈಕ್ ಇರುತ್ತವೆ. ಟಾರ್ಗೆಟ್ ನೋಡುವುದಿಲ್ಲ, ಕೇಳಿಸಿಕೊಳ್ಳುತ್ತದೆ.

ಸದ್ದಿಗಿಂತ ವೇಗವಾಗಿ ಹೋಗುವ ಗುಂಡು ತನ್ನ ಹಿಂದೆ ಗಾಳಿಯಲ್ಲಿ ಒಂದು ಅಲೆ ಎಬ್ಬಿಸುತ್ತದೆ. ಅಪ್ಪನ ಕೆರೆಯಲ್ಲಿ ದೋಣಿ ಹೋದಾಗ ಹಿಂದೆ ನೀರು ಎರಡೂ ಬದಿಗೆ ಸೀಳಿಕೊಂಡು ದಡದ ಕಡೆ ಬರುತ್ತದಲ್ಲ, ಹಾಗೆ. ಇದನ್ನು ಶಾಕ್‌ವೇವ್ ಅನ್ನುತ್ತಾರೆ. ಚೌಕಟ್ಟಿನ ನಾಲ್ಕು ಮೂಲೆಗೆ ಮೈಕ್ ಕೂರಿಸಿರುತ್ತಾರೆ. ಗುಂಡು ಬಲಗಡೆ ಹಾದರೆ ಬಲಗಡೆಯ ಮೈಕಿಗೆ ಅಲೆ ಮೊದಲು ಮುಟ್ಟುತ್ತದೆ, ಎಡಗಡೆಯದಕ್ಕೆ ಸ್ವಲ್ಪ ತಡವಾಗಿ. ಆ ತಡ ಎಷ್ಟು ಅಂತ ಲೆಕ್ಕ ಹಾಕಿ ಜಾಗ ಕಂಡುಹಿಡಿಯುತ್ತದೆ. ತಡ ಅಂದರೆ ಎಷ್ಟು ಗೊತ್ತಾ? 5 ಮಿಲಿಮೀಟರ್ ದಾಟಲು ಸದ್ದಿಗೆ ಬೇಕಾಗುವುದು ಸುಮಾರು 14 ಮೈಕ್ರೋಸೆಕೆಂಡ್. ಒಂದು ಸೆಕೆಂಡನ್ನು ಹತ್ತು ಲಕ್ಷ ಚೂರು ಮಾಡಿದರೆ ಅದರಲ್ಲಿ 14 ಚೂರು. ಅಷ್ಟು ಸೂಕ್ಷ್ಮ ಲೆಕ್ಕ ಇದು. ಹಾಗಾಗಿಯೇ ಚೌಕಟ್ಟು, ಬಿಸಿ, ಅಳತೆ ಅಂತ ಮುಂದೆ ಇಷ್ಟು ಬರೆದಿದ್ದೇನೆ, ಬೇಸರ ಮಾಡಿಕೊಳ್ಳದೆ ಓದಿ.

ಕೆಲವು ಸಿಸ್ಟಮ್‌ಗಳಲ್ಲಿ ಪ್ರತಿ ಮೂಲೆಗೂ ಹಿಂದೊಂದು ಮುಂದೊಂದು ಅಂತ ಒಟ್ಟು 8 ಮೈಕ್ ಇರುತ್ತವೆ. ಅವು ಗುಂಡು ಬಂದ ಕೋನವನ್ನೂ ಟಾರ್ಗೆಟ್ ಹತ್ತಿರ ಅದರ ವೇಗವನ್ನೂ ಹೇಳುತ್ತವೆ. ಆ ವೇಗದ ಅಂಕಿ ಬಹಳ ಉಪಯೋಗ. ಗುಂಡು ಕೆಳಗೆ ಬಿದ್ದಾಗ ವೇಗವೂ ಕಡಿಮೆ ಇತ್ತು ಅಂದರೆ ಕಾರ್ಟ್ರಿಡ್ಜ್ ಕಡೆ ನೋಡಿ. ವೇಗ ಸರಿಯಾಗಿದ್ದೂ ಕೆಳಗೆ ಬಿದ್ದಿದ್ದರೆ ನಿಮ್ಮ ಉಸಿರು, ನಿಮ್ಮ ಭುಜ ನೋಡಿಕೊಳ್ಳಿ.

.22 ರೈಫಲ್‌ಗೆ ಇದು ನಡೆಯುತ್ತದಾ?

ಬಯಲು ಚೌಕಟ್ಟಿನ, ಬರೀ ಶಾಕ್‌ವೇವ್ ಕೇಳುವ ಟಾರ್ಗೆಟ್‌ಗೆ ನಡೆಯುವುದಿಲ್ಲ. ಸ್ಪರ್ಧೆಗೆ ಬಳಸುವ .22 ಗುಂಡು ಸೆಕೆಂಡಿಗೆ ಸುಮಾರು 330 ಮೀಟರ್ ಹೋಗುತ್ತದೆ. 20 ಡಿಗ್ರಿಯಲ್ಲಿ ಸದ್ದಿನ ವೇಗವೇ 343. ಅಂದರೆ ಗುಂಡು ಸದ್ದಿಗಿಂತ ಹಿಂದೆ, ಅಲೆ ಏಳುವುದೇ ಇಲ್ಲ, ಮೈಕಿಗೆ ಕೇಳುವುದೂ ಇಲ್ಲ. ಹೈ ವೆಲಾಸಿಟಿ ಗುಂಡು ತಂದು "ಇದು ನಡೀತದಲ್ರಿ ಸರ್" ಅಂತ ಕೇಳುವವರಿಗೂ ಇದೇ ಉತ್ತರ. ನಳಿಗೆಯಿಂದ ಹೊರಡುವಾಗ ಅದು ಸದ್ದನ್ನು ಮೀರಿರುತ್ತದೆ, ಟಾರ್ಗೆಟ್ ಮುಟ್ಟುವ ಹೊತ್ತಿಗೆ ಇಳಿದಿರುತ್ತದೆ. ನಮ್ಮ ಬೇಸಿಗೆಯಲ್ಲಿ ಸದ್ದಿನ ವೇಗ 355ಕ್ಕೆ ಏರುವುದರಿಂದ ಇನ್ನೂ ಬೇಗ ಹಿಂದೆ ಬೀಳುತ್ತದೆ.

.22ಕ್ಕೆ ಮುಚ್ಚಿದ ಪೆಟ್ಟಿಗೆಯಂಥ ಟಾರ್ಗೆಟ್ ಬೇಕು. ಅದರ ಮುಂದೆ ರಬ್ಬರ್ ಹಾಳೆ ಇರುತ್ತದೆ, ಗುಂಡು ಅದನ್ನು ಚುಚ್ಚಿ ಒಳಗೆ ಹೋಗುವ ಸದ್ದನ್ನೇ ಒಳಗಿನ ಮೈಕ್ ಹಿಡಿಯುತ್ತವೆ. ಇಲ್ಲವೇ ಲೇಸರ್ ಅಥವಾ ಇನ್‌ಫ್ರಾರೆಡ್ ಬೆಳಕಿನ ಪರದೆ ಇರುವಂಥದ್ದು. ಇದೇ ಸಮಸ್ಯೆ ದೊಡ್ಡ ರೈಫಲ್‌ಗೂ ಬಹಳ ದೂರದಲ್ಲಿ ಬರುತ್ತದೆ. 800, 900 ಮೀಟರ್ ಹೋಗುವ ಹೊತ್ತಿಗೆ ಎಷ್ಟೋ ಗುಂಡುಗಳ ವೇಗ ಸದ್ದಿನ ಹತ್ತಿರಕ್ಕೆ ಇಳಿಯುತ್ತದೆ. ಆಗ ಟಾರ್ಗೆಟ್ ಒಂದು ಗುಂಡು ತೋರಿಸುತ್ತದೆ, ಒಂದು ಬಿಡುತ್ತದೆ.

ಯಾವ ಕಂಪನಿಯದು ತಗೋಬೇಕು?

ಒಲಿಂಪಿಕ್ಸ್‌ನಲ್ಲಿ ನೋಡುವುದು ಸ್ವಿಟ್ಜರ್‌ಲೆಂಡಿನ ಸಿಯುಸ್. ಜರ್ಮನಿಯ ಮೇಟನ್, ನಾರ್ವೆಯ ಕಾಂಗ್ಸ್‌ಬರ್ಗ್ ಕೂಡ ದೊಡ್ಡ ಹೆಸರು. ಅವು ರೇಂಜಿನಲ್ಲಿ ಕಾಯಂ ಕೂರಿಸುವಂಥವು, ಬೆಲೆಯೂ ಹಾಗೆ. ಚೌಕಟ್ಟಿಗೆ ಸಿಕ್ಕಿಸಿ ಸಂಜೆ ಬಿಚ್ಚಿಕೊಂಡು ಹೋಗುವಂಥದ್ದು ಬೇಕಾದರೆ ಕೆನಡಾದ ಶಾಟ್‌ಮಾರ್ಕರ್, ಸಿಲ್ವರ್ ಮೌಂಟನ್ ಇವೆ. ಕ್ಲಬ್‌ಗಳು ಹೆಚ್ಚು ಬಳಸುವುದು ಇಂಥವನ್ನೇ.

ಹೊರದೇಶದಿಂದ ತರಿಸುವವರು ಒಂದು ಮಾತು ನೆನಪಿಡಿ. ಅಮೆರಿಕ, ಕೆನಡಾದ ವೈರ್‌ಲೆಸ್ ಸಲಕರಣೆ ಬಹಳಷ್ಟು 915 ಮೆಗಾಹರ್ಟ್ಸ್ ಸುತ್ತಮುತ್ತ ನಡೆಯುತ್ತವೆ. ನಮ್ಮಲ್ಲಿ ಅದು ಲೈಸೆನ್ಸ್ ಇಲ್ಲದೆ ಬಳಸುವ ಬ್ಯಾಂಡ್ ಅಲ್ಲ. ನಮ್ಮಲ್ಲಿ ಬಿಟ್ಟಿರುವುದು 865ರಿಂದ 868ರವರೆಗೆ, ಮತ್ತೆ ವೈಫೈ ನಡೆಯುವ 2.4 ಗಿಗಾಹರ್ಟ್ಸ್. ಆರ್ಡರ್ ಮಾಡುವ ಮೊದಲೇ ಇಂಡಿಯಾಕ್ಕೆ ಹೊಂದುವ ಮಾಡೆಲ್ ಇದೆಯಾ ಅಂತ ಬರವಣಿಗೆಯಲ್ಲಿ ಕೇಳಿ. ವೈರ್‌ಲೆಸ್ ಸಾಮಾನು ತರಿಸಲು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ಒಪ್ಪಿಗೆ ಬೇಕಾಗುತ್ತದೆ, ಅದನ್ನು ಯಾರು ಮಾಡಿಸುತ್ತಾರೆ ಅಂತಲೂ ಕೇಳಿ. ನಮಗೆ ಮೊದಲ ಸಲ ಮಾರಿದವರು ಇದ್ಯಾವುದನ್ನೂ ಹೇಳಲಿಲ್ಲ. ಪೆಟ್ಟಿಗೆ ಕಸ್ಟಮ್ಸ್‌ನಲ್ಲಿ ವಾರಗಟ್ಟಲೆ ಕೂತಿತು.

ನಮ್ಮದೇ 8 ಎಕರೆ ಹೊಲ ಇದೆ. ತೊಗರಿ ಕೊಯ್ದ ಮೇಲೆ ಖಾಲಿ. ಅಲ್ಲೇ ಟಾರ್ಗೆಟ್ ಹಚ್ಚಿ ಹೊಡೆಯಬಹುದಾ?

ಬೇಡ. ದಯವಿಟ್ಟು ಬೇಡ.

ಈ ಪ್ರಶ್ನೆ ಕೇಳುವವರು ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ, ನನಗೆ ಗೊತ್ತು. ಆದರೆ ನಮ್ಮ ಕಡೆಯ ನೆಲ ತಟ್ಟೆಯ ಹಾಗೆ ಸಪಾಟು. ತಪ್ಪಿದ ಗುಂಡನ್ನು ತಡೆಯಲು ಗುಡ್ಡ ಇಲ್ಲ. ಸಣ್ಣ .22 ಗುಂಡೇ ಒಂದೂವರೆ ಕಿಲೋಮೀಟರ್ ದಾಟಿ ಹೋಗಬಲ್ಲದು, ದೊಡ್ಡ ರೈಫಲ್‌ನದು ಹಲವು ಕಿಲೋಮೀಟರ್. ಅಷ್ಟು ದೂರದಲ್ಲಿ ಯಾರೋ ಕುರಿ ಮೇಯಿಸುತ್ತಿರುತ್ತಾರೆ, ಯಾರೋ ಬುತ್ತಿ ಬಿಚ್ಚಿ ಕೂತಿರುತ್ತಾರೆ. ಖಾಲಿ ಹೊಲ ಅಂತ ನಮಗೆ ಕಾಣುತ್ತದೆ, ಹೊಲ ಯಾವತ್ತೂ ಖಾಲಿ ಇರುವುದಿಲ್ಲ. ಬೆಳೆ ಕಾಯಲು ಕೊಟ್ಟ ಲೈಸೆನ್ಸ್ ಗುರಿ ಅಭ್ಯಾಸಕ್ಕೆ ಕೊಟ್ಟಿದ್ದಲ್ಲ. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ, ಬೇರೆಯವರ ಜೀವಕ್ಕೆ ಅಪಾಯ ಆಗುವ ಹಾಗೆ ಅಜಾಗರೂಕತೆಯಿಂದ ಬಂದೂಕು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅನುಮತಿ ಇರುವ ರೇಂಜಿಗೇ ಬನ್ನಿ. ಮನೆಯಲ್ಲೇ ಏನಾದರೂ ಮಾಡಬೇಕು ಅನಿಸಿದರೆ ಖಾಲಿ ರೈಫಲ್‌ನಲ್ಲಿ ಡ್ರೈ ಫೈರಿಂಗ್ ಮಾಡಿ. ಒಳ್ಳೆಯ ಶೂಟರ್‌ಗಳು ಗುಂಡಿಗಿಂತ ಜಾಸ್ತಿ ಡ್ರೈ ಫೈರ್ ಮಾಡಿಯೇ ಮೇಲೆ ಬಂದಿರುತ್ತಾರೆ.

.303 ಅಥವಾ 7.62 ರೈಫಲ್ ಇಟ್ಟುಕೊಳ್ಳಬಹುದಾ?

ಅವು ನಮ್ಮ ದೇಶದಲ್ಲಿ ಪ್ರೊಹಿಬಿಟೆಡ್ ಬೋರ್, ಅಂದರೆ ನಿಷೇಧಿಸಿದ ಅಳತೆಯವು. ಸಾಮಾನ್ಯ ಲೈಸೆನ್ಸ್ ಮೇಲೆ ಸಿಗುವುದಿಲ್ಲ. ಜನರ ಹತ್ತಿರ ಇರುವುದು .22, .315, .30-06 ಇಂಥವು.

ಚೌಕಟ್ಟು ನಿಲ್ಲಿಸುವುದು ಹೇಗೆ? ನಮ್ಮದು ಪ್ರತಿ ತಿಂಗಳು ವಾಲುತ್ತದೆ.

ಎರೆ ನೆಲದಲ್ಲಿ ಕಂಬ ನೆಟ್ಟಿರುತ್ತೀರಿ, ಅಲ್ವಾ? ನಾವೂ ಹಾಗೇ ಮಾಡಿದ್ದೆವು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಕೈ ತೂರುವಷ್ಟು ಬಿರುಕು ಬಿಡುವ ನೆಲ ಅದು. ಒಂದು ಮುಂಜಾನೆ ರೇಂಜ್ ಕಾಯುವ ಅಣ್ಣ ಫೋನ್ ಮಾಡಿ "ಸರ್, ಕಂಬ ವಾಲ್ಯಾವ್ರಿ" ಅಂದರು. ಹೋಗಿ ನೋಡಿದರೆ ಬಲಗಡೆಯ ಕಂಬ ಎರಡು ಬೆರಳು ಮೇಲೆದ್ದಿತ್ತು. ಹಿಂದಿನ ಎರಡು ವಾರ ಹುಡುಗರೆಲ್ಲ ತಮ್ಮ ಹಿಡಿತ ಸರಿಯಿಲ್ಲ ಅಂತ ತಲೆ ಕೆಡಿಸಿಕೊಂಡಿದ್ದರು. ತಪ್ಪು ಅವರದಾಗಿರಲಿಲ್ಲ, ಮಣ್ಣಿನದು. ಆ ಎರಡು ವಾರದ ಅಭ್ಯಾಸ ವ್ಯರ್ಥವಾಯಿತಲ್ಲ ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಎರೆ ದಾಟಿ ಗರಸು ಸಿಗುವವರೆಗೆ ತೋಡಿ, ಅಲ್ಲಿಂದ ಕಾಂಕ್ರೀಟ್ ಎಬ್ಬಿಸಿ ಕಬ್ಬಿಣದ ಕೊಳವೆ ನಿಲ್ಲಿಸಿ. ಅಷ್ಟು ಆಳ ಆಗದಿದ್ದರೆ ನೆಲಕ್ಕೆ ಹೂಳದೆ ಅಗಲವಾದ ಕಬ್ಬಿಣದ ಪಾಯದ ಮೇಲೆ ನಿಲ್ಲಿಸಿ, ಪ್ರತಿ ಸಲ ರಸಮಟ್ಟ ಹಿಡಿದು ಸರಿ ಮಾಡಿಕೊಳ್ಳಿ. ಪಾಯ ಭಾರವಾಗಲಿ ಅಂತ ಶಹಾಬಾದ್ ಕಲ್ಲಿನ ಚಪ್ಪಡಿ ಇಡಬೇಡಿ. ನಮ್ಮಲ್ಲಿ ಅದು ಕೈಗೆ ಸಿಗುವ ಸಾಮಾನು, ಹಾಗಾಗಿ ಎಲ್ಲರಿಗೂ ಮೊದಲು ಅದೇ ಹೊಳೆಯುತ್ತದೆ. ಕೆಳಗೆ ಬಿದ್ದ ಒಂದು ಗುಂಡು ಕಲ್ಲಿಗೆ ತಾಗಿದರೆ ಚೂರು ಎಲ್ಲೆಂದರಲ್ಲಿ ಹಾರುತ್ತದೆ, ಗುಂಡು ದಿಕ್ಕು ಬದಲಿಸುತ್ತದೆ. ಮರಳಿನ ಚೀಲವೇ ಸಾಕು.

ಚೌಕಟ್ಟು ಚೌಕವಾಗಿದೆಯಾ ಅಂತ ನೋಡಲು ಬಡಿಗೇರ ಮಾಡುವ ಹಾಗೆ ಮೂಲೆಯಿಂದ ಮೂಲೆಗೆ ಟೇಪ್ ಹಿಡಿಯಿರಿ. ಎರಡೂ ಅಡ್ಡ ಅಳತೆ ಒಂದೇ ಇರಬೇಕು. ಮೈಕಿನಿಂದ ಮೈಕಿಗೆ ಎಷ್ಟು ದೂರ ಅಂತ ಮಿಲಿಮೀಟರ್ ಲೆಕ್ಕದಲ್ಲಿ ಅಳೆದು ಆ ಅಂಕಿಯನ್ನೇ ಆಪ್‌ಗೆ ಕೊಡಿ. ಸುಮ್ನೆ ಅಂದಾಜಿಗೆ ಹಾಕಿದರೆ ಟಾರ್ಗೆಟ್ ನಿಮಗೆ ಸುಳ್ಳು ಹೇಳುತ್ತದೆ, ಅದೂ ದಶಮಾಂಶ ಸಮೇತ ಹೇಳುತ್ತದೆ.

ನಮ್ಮ ಬಿಸಿಲಿಗೆ ಏನಾದರೂ ವ್ಯತ್ಯಾಸ ಆಗುತ್ತದಾ?

ಆಗುತ್ತದೆ, ಬಹಳ ಆಗುತ್ತದೆ. ಶರಣಬಸವೇಶ್ವರ ಜಾತ್ರೆ ಮುಗಿದ ಮೇಲೆ ನಮ್ಮಲ್ಲಿ ಬಿಸಿಲು ಏರುವ ಪರಿ ನಿಮಗೇ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲು.

ಬಿಸಿ ಏರಿದರೆ ಸದ್ದು ಜೋರಾಗಿ ಓಡುತ್ತದೆ, ಒಂದು ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್. ಟಾರ್ಗೆಟ್ ತನ್ನಲ್ಲಿರುವ ಥರ್ಮಾಮೀಟರ್ ನೋಡಿ ಇದನ್ನು ಸರಿ ಮಾಡಿಕೊಳ್ಳುತ್ತದೆ. ಆದರೆ ಆ ಥರ್ಮಾಮೀಟರ್ ನೇರ ಬಿಸಿಲಿಗೆ ಬಿದ್ದಿದ್ದರೆ? ಗಾಳಿ 40 ಇರುವಾಗ ಡಬ್ಬಿ ಕಾದು 50 ಅಂತ ತೋರಿಸುತ್ತದೆ. ಆಗ ಸದ್ದಿನ ವೇಗದ ಲೆಕ್ಕ ಶೇಕಡಾ 1.6ರಷ್ಟು ತಪ್ಪುತ್ತದೆ. ನಡುವೆ ಬಿದ್ದ ಗುಂಡಿಗೆ ಇದರಿಂದ ಏನೂ ಆಗುವುದಿಲ್ಲ, ಎರಡೂ ಕಡೆಯ ತಪ್ಪು ಒಂದಕ್ಕೊಂದು ಸರಿಹೋಗುತ್ತದೆ. ನಡುವಿನಿಂದ 300 ಮಿಲಿಮೀಟರ್ ಆಚೆ ಬಿದ್ದ ಗುಂಡು ಮಾತ್ರ ಸುಮಾರು 5 ಮಿಲಿಮೀಟರ್ ಸರಿದು ಕಾಣುತ್ತದೆ. ಅದಕ್ಕೇ ಸೆನ್ಸರ್ ಡಬ್ಬಿಗೆ ನೆರಳು ಮಾಡಿ. ಬಿಳಿ ಬಣ್ಣದ ಸಣ್ಣ ತಗಡು ಸಾಕು, ಗಾಳಿ ಆಡುವ ಹಾಗೆ ಸ್ವಲ್ಪ ಬಿಟ್ಟು ಕಟ್ಟಿ.

ಕಾರ್ಟ್ರಿಡ್ಜ್ ಪೆಟ್ಟಿಗೆಯನ್ನು ಬಿಸಿಲಲ್ಲಿ ಇಡಬೇಡಿ. ಮದ್ದು ಕಾದರೆ ಗುಂಡಿನ ವೇಗ ಏರುತ್ತದೆ, ಒತ್ತಡವೂ ಏರುತ್ತದೆ. ಫೋನ್ ಕೂಡ ಅಷ್ಟೇ. ಹೆಚ್ಚಿನ ಫೋನ್‌ಗಳನ್ನು 35 ಡಿಗ್ರಿ ಗಾಳಿಗೆ ಅಂತ ಮಾಡಿರುತ್ತಾರೆ. ಮೇ ತಿಂಗಳ ಮಧ್ಯಾಹ್ನ ಚಾಪೆ ಮೇಲಿಟ್ಟ ಫೋನ್ ಹತ್ತು ನಿಮಿಷದಲ್ಲಿ ಕಾದು ತಾನೇ ಬಂದ್ ಆಗುತ್ತದೆ. ನಾವು ಬೇಸಿಗೆಯಲ್ಲಿ ಬೆಳಿಗ್ಗೆ 6ಕ್ಕೆ ಶುರು ಮಾಡಿ 9ಕ್ಕೆ ಮುಗಿಸುತ್ತೇವೆ. ರೊಟ್ಟಿ ಊಟಕ್ಕೆ ಮನೆಯಲ್ಲಿರುತ್ತೇವೆ.

ಬಿಸಿಲುಗುದುರೆ ಕಂಡಾಗ ಟಾರ್ಗೆಟ್ ತಪ್ಪು ತೋರಿಸುತ್ತದಾ?

ಟಾರ್ಗೆಟ್‌ಗೆ ಏನೂ ಆಗುವುದಿಲ್ಲ, ಅದು ನೋಡುವುದೇ ಇಲ್ಲವಲ್ಲ. ಆಗುವುದು ನಿಮ್ಮ ಕಣ್ಣಿಗೆ. ಕಾದ ನೆಲದ ಮೇಲೆ ಗಾಳಿ ಕುದಿಯುವಾಗ ಕಪ್ಪು ವೃತ್ತ ನೀರಲ್ಲಿ ತೇಲಿದ ಹಾಗೆ ಕಾಣುತ್ತದೆ, ಗಾಳಿ ಬೀಸಿದ ಕಡೆಗೆ ಸರಿದೂ ಕಾಣುತ್ತದೆ. ಹಳಬರು ಸ್ಪಾಟಿಂಗ್ ಸ್ಕೋಪ್ ಅನ್ನುವ ದುರ್ಬೀನಿನಲ್ಲಿ ಇದನ್ನೇ ನೋಡಿ ಗಾಳಿ ಓದುತ್ತಾರೆ. ಓರೆಯಾಗಿ ಹರಿದರೆ ಅಡ್ಡ ಗಾಳಿ, ನೆಟ್ಟಗೆ ಮೇಲೆ ಕುದಿದರೆ ಅಡ್ಡ ಗಾಳಿ ಇಲ್ಲ. ಅದನ್ನು ಶತ್ರು ಅಂದುಕೊಳ್ಳಬೇಡಿ.

ಗಾಳಿಗೆ ಎಷ್ಟು ತಿದ್ದಬೇಕು ಅಂತ ಟಾರ್ಗೆಟ್ ಹೇಳುತ್ತದಾ?

ಇಲ್ಲ. ಆದರೆ ಗಾಳಿ ಕಲಿಯಲು ಇದಕ್ಕಿಂತ ಒಳ್ಳೆಯ ಮಾಸ್ತರ್ ಇಲ್ಲ. 300 ಮೀಟರ್ ದೂರದಲ್ಲಿ ಗಂಟೆಗೆ 10 ಕಿಲೋಮೀಟರಿನ ಅಡ್ಡ ಗಾಳಿ, ಸೈಕಲ್ ಮೇಲೆ ಹೋಗುವಾಗ ಮುಖಕ್ಕೆ ತಾಗುವಷ್ಟು ಗಾಳಿ, ಸಾಮಾನ್ಯ ಸ್ಪರ್ಧೆಯ ಗುಂಡನ್ನು ನಾಲ್ಕೈದು ಇಂಚು ಸರಿಸುತ್ತದೆ. 300 ಮೀಟರ್ ಟಾರ್ಗೆಟ್‌ನ 10ರ ವೃತ್ತದ ಅಗಲವೇ 100 ಮಿಲಿಮೀಟರ್, ಅಂದರೆ ನಾಲ್ಕು ಇಂಚು. ನಿಮ್ಮ ತಪ್ಪಿಲ್ಲದೆ 10 ಹೋಗಿ 8 ಆಯಿತು.

ಪೇಪರ್ ಕಾಲದಲ್ಲಿ ಚೀಟಿ ಅಂಟಿಸಿ ತೋರಿಸುವ ಹೊತ್ತಿಗೆ ಆ ಗಾಳಿ ಹೋಗಿ ಬೇರೆ ಗಾಳಿ ಬಂದಿರುತ್ತಿತ್ತು. ಈಗ ಗಾಳಿಯ ಬಾವುಟ ನೋಡಿ, ಬೇಲಿ ಆಚೆಯ ತೊಗರಿ ಗಿಡ ಎಷ್ಟು ಬಾಗಿದೆ ನೋಡಿ, ಹೊಡೆಯಿರಿ, ಚುಕ್ಕೆ ಎಲ್ಲಿ ಬಂತು ನೋಡಿ. ಕಾರಣ ಮತ್ತು ಫಲ ಒಂದೇ ಉಸಿರಿನಲ್ಲಿ ಸಿಗುತ್ತದೆ. ಜೂನ್ ಆದ ಮೇಲೆ ಪಡುವಣ ಗಾಳಿ ಜೋರಿರುತ್ತದೆ, ಕಲಿಯಲು ಅದೇ ಒಳ್ಳೆಯ ಕಾಲ. ದುಡ್ಡು ಕಡಿಮೆ ಇದ್ದವರು .22ವನ್ನೇ 100 ಮೀಟರಿಗೆ ಹೊಡೆಯಿರಿ. ಅದೇ ಗಾಳಿಗೆ ಅದು ಎರಡು ಮೂರು ಇಂಚು ಸರಿಯುತ್ತದೆ. ಗುಂಡಿನ ಖರ್ಚು ಎಷ್ಟೋ ಕಡಿಮೆ, ಪಾಠ ಅದೇ.

ವೈಫೈ ಪದೇ ಪದೇ ಕಟ್ ಆಗುತ್ತದೆ. ಏನು ಮಾಡಲಿ?

ಹತ್ತರಲ್ಲಿ ಎಂಟು ಸಲ ದೋಷ ನಿಮ್ಮ ಫೋನಿನದು. ಟಾರ್ಗೆಟ್‌ನ ವೈಫೈಯಲ್ಲಿ ಇಂಟರ್ನೆಟ್ ಇರುವುದಿಲ್ಲ. ಫೋನ್ "ಇಲ್ಲಿ ನೆಟ್ ಇಲ್ಲ" ಅಂದುಕೊಂಡು ತಾನಾಗಿ ಮೊಬೈಲ್ ಡೇಟಾಕ್ಕೆ ಜಿಗಿಯುತ್ತದೆ. ಡೇಟಾ ಆಫ್ ಮಾಡಿ. ಉಳಿದ ಎರಡು ಸಲ ಆಂಟೆನಾ ನೋಡಿ. ನಿಮ್ಮ ಜಾಗದಿಂದ ಟಾರ್ಗೆಟ್ ಆಂಟೆನಾ ಕಣ್ಣಿಗೆ ಕಾಣಬೇಕು. ನಡುವೆ ಆಳೆತ್ತರ ಹುಲ್ಲು ಬೆಳೆದಿದ್ದರೂ ಸಿಗ್ನಲ್ ಕುಗ್ಗುತ್ತದೆ, ಮಳೆಯಲ್ಲಿ ನೆನೆದ ಹುಲ್ಲಾದರೆ ಇನ್ನೂ ಜಾಸ್ತಿ. ಆಂಟೆನಾವನ್ನು ಒಂದಾಳು ಎತ್ತರಕ್ಕೆ, ಗುಂಡಿನ ದಾರಿಯಿಂದ ಬದಿಗೆ ನಿಲ್ಲಿಸಿ.

ಕರೆಂಟ್ ನಂಬಬೇಡಿ. ಬ್ಯಾಟರಿ ರಾತ್ರಿಯೇ ಚಾರ್ಜ್ ಮಾಡಿ.

ಹೊಡೆದೆ, ಸದ್ದೂ ಬಂತು, ಆದರೆ ಸ್ಕ್ರೀನ್ ಮೇಲೆ ಚುಕ್ಕೆ ಬರಲಿಲ್ಲ.

ಮೊದಲು ರೈಫಲ್ ಕೆಳಗಿಡಿ, ಬೋಲ್ಟ್ ತೆರೆಯಿರಿ, ರೇಂಜ್ ಆಫೀಸರ್‌ಗೆ ಹೇಳಿ. ಇನ್ನೊಂದು ಹೊಡೆದು ನೋಡೋಣ ಅನ್ನಬೇಡಿ. ಗುಂಡು ಟಾರ್ಗೆಟ್ ಬಿಟ್ಟು ಬೇರೆಲ್ಲೋ ಹೋಗುತ್ತಿದ್ದರೆ ಎರಡನೆಯದೂ ಅಲ್ಲೇ ಹೋಗುತ್ತದೆ. ಸದ್ದು ಮಾಮೂಲಿಗಿಂತ ಮೆತ್ತಗೆ ಇತ್ತಾ? ಹಾಗಿದ್ದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಅಂಥದ್ದರಲ್ಲಿ ಮುಂದಿನ ಗುಂಡು ಹಾರಿಸಿದರೆ ನಳಿಗೆ ಸಿಡಿಯುತ್ತದೆ.

ಆಮೇಲೆ ಪಕ್ಕದ ಲೇನ್ ನೋಡಿ. ಪಕ್ಕದವರ ಸ್ಕ್ರೀನ್ ಮೇಲೆ ಅವರು ಹೊಡೆಯದ ಗುಂಡು ಬಂದಿದ್ದರೆ ನೀವು ಅವರ ಟಾರ್ಗೆಟ್‌ಗೆ ಹೊಡೆದಿದ್ದೀರಿ. ಇದು ಎಲ್ಲರಿಗೂ ಒಂದಲ್ಲ ಒಂದು ದಿನ ಆಗುತ್ತದೆ, ನಾಚಿಕೆ ಬೇಡ. ಹಾಗೂ ಸಿಗದಿದ್ದರೆ ಮೈಕಿನ ಕೇಬಲ್ ಸಡಿಲ ಆಗಿದೆಯಾ, ಮೈಕಿನ ತೂತು ಮುಚ್ಚಿದೆಯಾ ನೋಡಿ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಮೈಕಿನ ತೂತು ಅಂದರೆ ಬಹಳ ಇಷ್ಟ. ವಾರ ಬಿಟ್ಟು ಬಂದರೆ ಮಟ್ಟಸವಾಗಿ ಮೆತ್ತಿರುತ್ತದೆ. ಇಲಿ, ಅಳಿಲು ಕೇಬಲ್ ಕಡಿಯುತ್ತವೆ. ಮರದ ಚೌಕಟ್ಟಾದರೆ ಗೆದ್ದಲು. ಪ್ರತಿ ಸಲ ಹಚ್ಚುವ ಮೊದಲು ನಾಲ್ಕೂ ಮೂಲೆ ಬೆರಳಿನಿಂದ ಮುಟ್ಟಿ ನೋಡುವುದು ನಮ್ಮಲ್ಲಿ ರೂಢಿಯಾಗಿದೆ.

ಪೇಪರಿನ ತೂತು ಒಂದು ಕಡೆ, ಸ್ಕ್ರೀನಿನ ಚುಕ್ಕೆ ಒಂದು ಕಡೆ. ಯಾವುದನ್ನು ನಂಬಬೇಕು?

ಪೇಪರ್. ಯಾವಾಗಲೂ ಪೇಪರ್.

ಹೊಸದಾಗಿ ಹಚ್ಚಿದಾಗ ಒಂದು ಸನ್‌ಪ್ಯಾಕ್ (ಪ್ಲಾಸ್ಟಿಕ್) ಶೀಟ್ ಮೇಲೆ ಪೇಪರ್ ಟಾರ್ಗೆಟ್ ಅನ್ನು ಮೈದಾ ಅಂಟಿನಿಂದ ಸುಕ್ಕಿಲ್ಲದೆ ಅಂಟಿಸಿ, ನಡುವಿಗೆ ಮತ್ತು ನಾಲ್ಕೂ ಬದಿಗೆ ಸೇರಿ ಹತ್ತು ಗುಂಡು ಹೊಡೆಯಿರಿ. ತೂತುಗಳನ್ನು ಅಳೆದು ಸ್ಕ್ರೀನಿಗೆ ಹೋಲಿಸಿ. ಎಲ್ಲವೂ ಒಂದೇ ದಿಕ್ಕಿಗೆ ಒಂದೇ ಅಳತೆ ಸರಿದಿದ್ದರೆ ನಡುವಿನ ಬಿಂದು ತಪ್ಪಿದೆ, ಆಪ್‌ನಲ್ಲಿ ಸರಿ ಮಾಡಿ. ನಡುವೆ ಸರಿಯಿದ್ದು ಅಂಚಿಗೆ ಹೋದ ಹಾಗೆ ತಪ್ಪು ಬೆಳೆದರೆ ಮೈಕಿನ ಅಳತೆ ಅಥವಾ ಬಿಸಿಯ ಲೆಕ್ಕ ತಪ್ಪಿದೆ. ಅಡ್ಡಕ್ಕೆ ಮಾತ್ರ ತಪ್ಪು, ಉದ್ದಕ್ಕೆ ಸರಿ ಅಂದರೆ ಚೌಕಟ್ಟು ನಿಮ್ಮ ಕಡೆ ನೇರ ಮುಖ ಮಾಡಿಲ್ಲ, ತಿರುಗಿ ನಿಂತಿದೆ. ಆಪ್‌ನಲ್ಲಿ ಕ್ಯಾಲಿಬರ್ ಸರಿಯಾಗಿ ಹಾಕಿ. ಗೆರೆಗೆ ಅಂಚು ತಾಗಿದರೂ ಮೇಲಿನ ಅಂಕ ಸಿಗುವುದರಿಂದ ಗುಂಡಿನ ಅಗಲ ತಪ್ಪಾದರೆ 10 ಮತ್ತು 9ರ ತೀರ್ಮಾನವೇ ತಪ್ಪುತ್ತದೆ.

10.4, 9.7 ಅಂತ ಬರುತ್ತದಲ್ಲ, ಅದೇನು?

ಒಂದು ವೃತ್ತದಿಂದ ಮುಂದಿನ ವೃತ್ತಕ್ಕೆ ಇರುವ ದೂರವನ್ನು ಹತ್ತು ಭಾಗ ಮಾಡಿ ಅಂಕ ಕೊಡುತ್ತಾರೆ. ಅತಿ ಹೆಚ್ಚು 10.9. 300 ಮೀಟರ್ ಟಾರ್ಗೆಟ್‌ನಲ್ಲಿ ಒಂದು ದಶಮಾಂಶ ಅಂದರೆ 5 ಮಿಲಿಮೀಟರ್, 50 ಮೀಟರಿನದರಲ್ಲಿ 0.8 ಮಿಲಿಮೀಟರ್. ಮೇಲೆ ಬಿಸಿಲಿನ ಲೆಕ್ಕದಲ್ಲಿ ಬಂದ 5 ಮಿಲಿಮೀಟರ್ ನೆನಪಿದೆಯಾ? ಒಂದು ತಗಡಿನ ನೆರಳಿಗೆ ಒಂದು ದಶಮಾಂಶ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಾಗ ಕೊನೆಯ ಗುಂಡು 10.8. ಪಕ್ಕದ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್‌ನಲ್ಲಿ 50 ಮೀಟರ್ ಮೂರು ಭಂಗಿಯಲ್ಲಿ ಕಂಚು ತಂದದ್ದು 451.4 ಅಂಕಕ್ಕೆ. ಆ ಮಟ್ಟದಲ್ಲಿ ಪದಕ ನಿಲ್ಲುವುದು, ಜಾರುವುದು ದಶಮಾಂಶದ ಮೇಲೆ.

300 ಮೀಟರ್ ಒಲಿಂಪಿಕ್ಸ್‌ನಲ್ಲಿ ಇದೆಯಾ?

ಈಗಿಲ್ಲ. 1972ರ ಮ್ಯೂನಿಕ್ ಕೊನೆಯದು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮುಂದುವರಿದಿದೆ.

ಪ್ರತಿ ಗುಂಡಿನ ನಂತರ ಸೈಟ್ (ರೈಫಲ್ ಮೇಲೆ ಗುರಿ ನೋಡುವ ಸಾಧನ) ತಿರುಗಿಸಬೇಕಾ?

ತಿರುಗಿಸಬೇಡಿ. ಕನಿಷ್ಠ ಐದು ಗುಂಡು ಬೀಳಲಿ. ಅವುಗಳ ನಡು ಎಲ್ಲಿದೆ ಅಂತ ಆಪ್ ತೋರಿಸುತ್ತದೆ, ಅದನ್ನು ನೋಡಿ ತಿರುಗಿಸಿ. ಕಾಲು ಎಮ್‌ಒಎ (ಎಮ್‌ಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಸೈಟ್ ಆದರೆ 300 ಮೀಟರಿನಲ್ಲಿ ಒಂದು ಕ್ಲಿಕ್‌ಗೆ ಸುಮಾರು 22 ಮಿಲಿಮೀಟರ್ ಸರಿಯುತ್ತದೆ. ಚುಕ್ಕೆಯ ಹಿಂದೆ ಓಡುವವರು ಹತ್ತು ಗುಂಡಿನಲ್ಲಿ ಎಡಕ್ಕೂ ಬಲಕ್ಕೂ ಆರು ಸಲ ತಿರುಗಿಸಿ, ಕೊನೆಗೆ ಶುರುವಾದ ಜಾಗಕ್ಕೇ ಬಂದಿರುತ್ತಾರೆ.

ಸ್ಕ್ರೀನ್ ಎದುರಿಗೇ ಇದ್ದರೆ ಬೇಗ ಕಲಿಯುತ್ತೇವೆ, ಅಲ್ವಾ?

ಈ ಪ್ರಶ್ನೆಗೆ ಉತ್ತರ ಹೇಳಬೇಕು ಅಂತಲೇ ಇಷ್ಟೆಲ್ಲ ಬರೆಯಲು ಕೂತದ್ದು.

ಸ್ಕ್ರೀನ್ ನಿಮಗೆ ಗುಂಡು ಎಲ್ಲಿ ಬಿತ್ತು ಅಂತ ಹೇಳುತ್ತದೆ. ಯಾಕೆ ಬಿತ್ತು ಅಂತ ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ನೀವು, ಅದೂ ಸ್ಕ್ರೀನ್ ನೋಡುವ ಮೊದಲು. ಟ್ರಿಗರ್ ಬಿಟ್ಟ ಆ ಗಳಿಗೆಯಲ್ಲಿ ಸೈಟ್ ಎಲ್ಲಿತ್ತು? ಬಲಕ್ಕೆ ಜಾರಿತ್ತಾ, ಉಸಿರು ಪೂರ್ತಿ ನಿಂತಿರಲಿಲ್ಲವಾ, ಬೆರಳು ಎಳೆದು ಬಿಟ್ಟಿತಾ? ಬಾಯಿ ಬಿಟ್ಟು ಹೇಳಿ: "ಮೂರು ಗಂಟೆ, 9". ಗಡಿಯಾರದಲ್ಲಿ ಮೂರು ಇರುವ ಕಡೆ, ಅಂದರೆ ಬಲಕ್ಕೆ, 9ರ ವೃತ್ತದಲ್ಲಿ ಅಂತ. ಶೂಟರ್‌ಗಳು ಇದನ್ನು ಶಾಟ್ ಕಾಲ್ ಮಾಡುವುದು ಅನ್ನುತ್ತಾರೆ. ಆಮೇಲೆ ಸ್ಕ್ರೀನ್ ನೋಡಿ. ನೀವು ಹೇಳಿದ್ದೂ ಸ್ಕ್ರೀನ್ ತೋರಿಸಿದ್ದೂ ಹೊಂದಿದರೆ, ಅಂಕ 9 ಆಗಿದ್ದರೂ ಅದು ಒಳ್ಳೆಯ ಗುಂಡು. ನೀವು 10 ಅಂದು ಸ್ಕ್ರೀನ್ 8 ತೋರಿಸಿದರೆ, ಕಾಲ್ ತಪ್ಪಿದ್ದಾ, ಗಾಳಿಯಾ, ಮದ್ದಾ, ಟಾರ್ಗೆಟ್ಟಾ ಅಂತ ಹುಡುಕಲು ಒಂದು ದಾರಿ ಸಿಕ್ಕಿತು. ಕಾಲ್ ಮಾಡದೆ ಸ್ಕ್ರೀನ್ ನೋಡಿದರೆ ಏನೂ ಸಿಗುವುದಿಲ್ಲ, ಬರೀ ಖುಷಿ ಅಥವಾ ಬೇಸರ ಸಿಗುತ್ತದೆ.

ಇನ್ನೊಂದು ತೊಂದರೆ ಮೆಲ್ಲಗೆ ಒಳಗೆ ಬರುತ್ತದೆ. ಸ್ಕ್ರೀನ್ ಪಕ್ಕದಲ್ಲೇ ಇದ್ದರೆ ಟ್ರಿಗರ್ ಒತ್ತುವ ಮೊದಲೇ ಕಣ್ಣು ಅತ್ತ ಹೊರಳಲು ತಯಾರಾಗುತ್ತದೆ. ತಲೆ ಕೂದಲೆಳೆಯಷ್ಟು ಮೇಲೇಳುತ್ತದೆ. ಫಾಲೋ ಥ್ರೂ (ಗುಂಡು ಹೊರಟ ಮೇಲೂ ಅಲುಗದೆ ಹಾಗೇ ಇರುವುದು) ಹೋಯಿತು, ಗುಂಡು ಹೋಯಿತು. ಯಾದಗಿರಿ ಕಡೆಯಿಂದ ಬರುವ ಹುಡುಗಿಯೊಬ್ಬಳು ಪೇಪರ್ ಮೇಲೆ ಬಹಳ ಚೆನ್ನಾಗಿ ಹೊಡೆಯುತ್ತಿದ್ದಳು. ಎಲೆಕ್ಟ್ರಾನಿಕ್‌ಗೆ ಬಂದ ತಿಂಗಳಲ್ಲಿ ಅವಳ ಗ್ರೂಪ್, ಅಂದರೆ ಗುಂಡುಗಳು ಬೀಳುವ ಗುಂಪು, ಅಗಲವಾಯಿತು. ಬಸ್ಸಿನಲ್ಲಿ ಅಷ್ಟು ದೂರ ಬಂದು ಅಳುಮುಖ ಮಾಡಿಕೊಂಡು ಹೋಗುತ್ತಿದ್ದಳು. ನಾವು ಮಾಡಿದ್ದು ಇಷ್ಟೇ. ಟ್ಯಾಬ್ ಅವಳ ಹಿಂದೆ ನನ್ನ ಕೈಯಲ್ಲಿ ಇಟ್ಟುಕೊಂಡೆ. ಅವಳು ಹತ್ತು ಗುಂಡು ಹೊಡೆದು, ಪ್ರತಿಯೊಂದಕ್ಕೂ ಕಾಲ್ ಹೇಳಿ, ನೋಟ್‌ಬುಕ್‌ನಲ್ಲಿ ಚುಕ್ಕೆ ಇಟ್ಟು, ಆಮೇಲೆ ಟ್ಯಾಬ್ ನೋಡುವುದು. ಮೊದಲ ದಿನ ಹತ್ತರಲ್ಲಿ ಮೂರು ಹೊಂದಿದವು. ಎರಡು ತಿಂಗಳಿಗೆ ಎಂಟು ಹೊಂದತೊಡಗಿದವು, ಗ್ರೂಪ್ ತಾನಾಗಿ ಮೊದಲಿಗಿಂತ ಚಿಕ್ಕದಾಯಿತು. ಈಗ ಹೊಸಬರಿಗೆಲ್ಲ ಹೀಗೇ ಶುರು ಮಾಡಿಸುತ್ತೇವೆ. ಗಾಳಿಯ ಪಾಠ ಮಾಡುವ ದಿನ ಮಾತ್ರ ಸ್ಕ್ರೀನ್ ಪಕ್ಕದಲ್ಲಿ.

ಸ್ಕ್ಯಾಟ್ ಕೂಡ ಇದೇನಾ?

ಅಲ್ಲ. ಸ್ಕ್ಯಾಟ್ ನಳಿಗೆಗೆ ಕಟ್ಟುವ ಸೆನ್ಸರ್. ಗುರಿ ಹೇಗೆ ಅಲುಗಾಡಿತು ಅಂತ ಗೆರೆ ಎಳೆದು ತೋರಿಸುತ್ತದೆ, ಗುಂಡಿಲ್ಲದೆಯೂ ನಡೆಯುತ್ತದೆ. ಎರಡೂ ಸಿಕ್ಕರೆ ಭಾಗ್ಯ.

ಬಟ್‌ನಲ್ಲಿ (ಟಾರ್ಗೆಟ್ ಇರುವ ಕಡೆ) ಜನರೇ ಇಲ್ಲ ಅಂದ ಮೇಲೆ ಕೆಂಪು ಬಾವುಟ ಯಾಕೆ?

ಜನ ಇಲ್ಲ ಅಂತ ನಾವು ಅಂದುಕೊಳ್ಳುವುದೇ ಅಪಾಯ. ಮೊದಲು ಕುಳಿಯಲ್ಲಿ ನಮ್ಮವರೇ ಇರುತ್ತಿದ್ದರು, ಎಲ್ಲರಿಗೂ ಎಚ್ಚರ ಇರುತ್ತಿತ್ತು. ಈಗ ಅಲ್ಲಿ ಯಾರೂ ಇಲ್ಲ ಅನ್ನುವ ಧೈರ್ಯದಲ್ಲಿ ಒಬ್ಬರು ಬ್ಯಾಟರಿ ಬದಲಿಸಲು ಸುಮ್ನೆ ಎದ್ದು ನಡೆದುಬಿಡುತ್ತಾರೆ. ನಮ್ಮಲ್ಲಿ ನಿಯಮ ಕಟ್ಟುನಿಟ್ಟು. ಟಾರ್ಗೆಟ್ ಕಡೆ ಒಂದು ಹೆಜ್ಜೆ ಇಡಬೇಕಾದರೂ ಸೀಸ್ ಫೈರ್ (ಹೊಡೆಯುವುದು ಪೂರ್ತಿ ಬಂದ್), ಎಲ್ಲ ರೈಫಲ್ ಖಾಲಿ, ಬೋಲ್ಟ್ ತೆರೆದು ಚೇಂಬರ್ ಫ್ಲಾಗ್ (ರೈಫಲ್ ಖಾಲಿ ಅಂತ ತೋರಿಸುವ ಗುರುತು), ಎಲ್ಲರೂ ಹಿಂದಕ್ಕೆ. ರೈಫಲ್ ಯಾರೂ ಮುಟ್ಟುವಂತಿಲ್ಲ, ಸ್ಕೋಪ್‌ನಲ್ಲಿ ಇಣುಕುವಂತೆಯೂ ಇಲ್ಲ. ಹೋದವರು ವಾಪಸ್ ಬಂದು ಎಣಿಕೆ ಆದ ಮೇಲೆಯೇ ಮತ್ತೆ ಶುರು. ಮೇಕೆ ಮರಿ ಅಡ್ಡ ಬಂದರೂ ಸೀಸ್ ಫೈರ್. ಅದರ ಹಿಂದೆಯೇ ಅದನ್ನು ಹುಡುಕುವ ಮಗು ಬರುತ್ತದೆ.

ಅಷ್ಟು ದುಡ್ಡಿಲ್ಲ. ಬೇರೆ ದಾರಿ ಇದೆಯಾ?

ಇದೆ. ಬ್ಯಾಟರಿಯಲ್ಲಿ ನಡೆಯುವ ವೈಫೈ ಸಿಸಿಟಿವಿ ಕ್ಯಾಮೆರಾ ಒಂದನ್ನು ಟಾರ್ಗೆಟ್‌ನಿಂದ ಎರಡು ಮೂರು ಮೀಟರ್ ಮುಂದೆ, ಬದಿಗೆ, ನೆಲದ ಹತ್ತಿರ ಮರಳ ಚೀಲದ ಮರೆಯಲ್ಲಿಟ್ಟು ಪೇಪರ್ ಕಡೆ ತಿರುಗಿಸಿ. ಹತ್ತಿರದಿಂದ ನೋಡುವುದರಿಂದ ಬಿಸಿಲುಗುದುರೆಯ ಕಾಟ ಇಲ್ಲ. ಸದ್ದಿನ ಲೆಕ್ಕವೇ ಇಲ್ಲವಾದ್ದರಿಂದ .22ಕ್ಕೂ ನಡೆಯುತ್ತದೆ. ಅಂಕ ತಾನಾಗಿ ಬರುವುದಿಲ್ಲ, ನೀವೇ ಎಣಿಸಬೇಕು. ಒಂದರ ಮೇಲೊಂದು ಗುಂಡು ಬಿದ್ದರೆ ಗೊತ್ತಾಗುವುದೂ ಕಷ್ಟ. ಆದರೂ ಶುರು ಮಾಡಲು ಸಾಕು. ನಾವು ಮೊದಲ ಒಂದೂವರೆ ವರ್ಷ ಇದರಲ್ಲೇ ಕಳೆದೆವು.

ಮಳೆಗಾಲದಲ್ಲಿ ಬಿಚ್ಚಿಡಬೇಕಾ?

ಮೈಕ್, ಡಬ್ಬಿ, ಕೇಬಲ್ ಎಲ್ಲ ಪ್ರತಿ ಸಂಜೆ ಬಿಚ್ಚಿ ಮನೆಗೆ ತನ್ನಿ. ಯಾವ ಮೈಕ್ ಯಾವ ಮೂಲೆಯದು ಅಂತ ಬಣ್ಣದ ಟೇಪ್ ಸುತ್ತಿ, ಅದಲು ಬದಲಾದರೆ ಗುಂಡು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಕಾಣುತ್ತದೆ. ಡಬ್ಬಿಯಲ್ಲಿ ಒಂದು ಹಿಡಿ ಸಿಲಿಕಾ ಜೆಲ್ ಹಾಕಿಡಿ. ಚೌಕಟ್ಟು ಅಲ್ಲೇ ಇರಲಿ, ಆದರೆ ಮಳೆ ಬಿದ್ದ ಮೇಲೆ ಅಡ್ಡ ಅಳತೆ ಮತ್ತೆ ಹಿಡಿಯಿರಿ. ಎರೆಯ ವಿಷಯ ಆಗಲೇ ಹೇಳಿದೆ.

ಮೊದಲ ಸಲ ಬರುವಾಗ ಏನು ತರಬೇಕು?

ಲೈಸೆನ್ಸ್ ಮತ್ತು ಗುರುತಿನ ಚೀಟಿ, ಕಿವಿಗೆ ಮಫ್, ಕಣ್ಣಿಗೆ ಕನ್ನಡಕ, ತಲೆಗೆ ಟೊಪ್ಪಿಗೆ, ಎರಡು ಲೀಟರ್ ನೀರು. ನಿಮ್ಮದೇ ರೈಫಲ್ ಇಲ್ಲದವರು ಬರುವ ಮೊದಲು ಒಂದು ಮಾತು ತಿಳಿಸಿ. ಚಾಪೆ ನಮ್ಮಲ್ಲಿದೆ. ಬೀದರ್‌ನಿಂದ ಬರುವವರು ಹಿಂದಿನ ರಾತ್ರಿಯೇ ಕಲಬುರಗಿಗೆ ಬಂದು ಉಳಿದರೆ ಒಳ್ಳೆಯದು, ಯಾಕೆಂದರೆ 6 ಗಂಟೆ ಅಂದರೆ 6 ಗಂಟೆಯೇ. ಇನ್ನು ಒಂದು ನೂರು ಪುಟದ ನೋಟ್‌ಬುಕ್ ಮತ್ತು ಪೆನ್ಸಿಲ್. ಪೆನ್ ಬೇಡ, ಮಲಗಿ ಬರೆಯುವಾಗ ನಿಂತು ಹೋಗುತ್ತದೆ.